ಕೈಯಿಂದ ಎರಡು, ನಡುವಿನಿಂದ ಮೂರು

ಇಸ್ಪೀಟಿನ ಪೋಕರ್ ಕಲಿಯುವವರಿಗೆ ಡ್ರಾ ಸುಲಭವೋ ಹೋಲ್ಡೆಮ್ ಸುಲಭವೋ ಎಂಬ ಜಗಳ ಊಟದ ತಟ್ಟೆ ಎತ್ತುವ ಮೊದಲೇ ಹಜಾರದಲ್ಲಿ ಶುರುವಾಗಿತ್ತು. ಅಡುಗೆಮನೆಯಲ್ಲಿ ತೊಳೆದ ಲೋಟಗಳನ್ನು ಒರೆಸುತ್ತ ನಿಂತ ಅವಳಿಗೆ ಒಂದೊಂದು ಮಾತೂ ಕೇಳಿಸುತ್ತಿತ್ತು. ಕೇಳಿಸಲಿ ಎಂದೇ ಆಡುತ್ತಿದ್ದರೋ ಏನೋ. "ಐದು ಎಲೆ ಕೈಗೆ ಬಂತು, ಬೇಡದ್ದು ವಾಪಸ್ ಕೊಟ್ಟೆ, ಬೇರೆ ತಗೊಂಡೆ. ಪೋಕರ್‌ನಲ್ಲಿ ಅದಕ್ಕಿಂತ ಸುಲಭದ ಆಟ ಇನ್ಯಾವುದಿದೆ?" ಎಂದು ಮಾವ. "ಅಪ್ಪಾ, ಐದೂ ಕೈಯಲ್ಲೇ ಇದ್ರೆ ಹೊಸಬರು ಐದನ್ನೂ ಮುದ್ದು ಮಾಡ್ತಾ ಕೂತುಬಿಡ್ತಾರೆ. ಎದುರಿನವರ ಹತ್ರ ಏನಿದೆ ಅಂತ ಸುಳಿವೇ ಸಿಗಲ್ಲ. ಹೋಲ್ಡೆಮ್‌ನಲ್ಲಿ ಕೈಗೆ ಬರೋದು ಎರಡೇ. ಮಿಕ್ಕ ಐದು ಮೇಜಿನ ನಡುವೆ, ಎಲ್ಲರಿಗೂ ಸೇರಿದ್ದು" ಎಂದು ಅವಳ ಗಂಡ. ಹೊಸಬರು ಎಂದರೆ ಅವಳೊಬ್ಬಳೇ. ಈ ಮನೆಗೆ ಮದುವೆಯಾಗಿ ಬಂದು ವರ್ಷವಾಗುತ್ತ ಬಂದರೂ ಅವಳು ಹೊಸಬಳೇ. "ಏನಾದ್ರೂ ಕಲಿಸಿ, ಸ್ಟಡ್ ಮಾತ್ರ ಬೇಡ" ಎಂದಿತು ಮೂರನೆಯ ದನಿ, ನಗುತ್ತಲೇ. "ಒಬ್ಬೊಬ್ಬರ ಎದುರಿಗೂ ಎಲೆ ಬಿಚ್ಚಿಟ್ಟಿರುತ್ತೆ. ಆಟ ಬಿಟ್ಟವರು ಮಗುಚಿಬಿಟ್ರೋ, ಅಲ್ಲಿ ಏನಿತ್ತು ಅಂತ ನಾವು ನೆನಪಿಟ್ಕೊಂಡಿರಬೇಕು. ಹೊಸಬರು ತಲೆ ಕೆಟ್ಟು ಓಡಿಹೋಗ್ತಾರೆ. ನಮ್ಮ ತಂಗಿಗೆ ಮಾತ್ರ ಅದೇ ಪ್ರಾಣ." ತಂಗಿ ಎಂದ ಕೂಡಲೇ ಹಜಾರ ತಣ್ಣಗಾಯಿತು. ಆ ತಂಗಿ ಗಂಡನ ಮೊದಲ ಹೆಂಡತಿ, ತೀರಿಹೋದವಳು. ಮಾತಾಡಿದ್ದು ಅವಳ ಅಕ್ಕ, ಗಂಡನ ಮಗಳು ಜೀರಿಗೆಗೆ ದೊಡ್ಡಮ್ಮ. ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಿದ್ದೇನೆ ಎಂಬುದು ಅವಳಿಗೆ ಆಗ ತಿಳಿಯಿತು.

ಹಂಚುವವರೇ ಆಟವನ್ನೂ ಆರಿಸಬೇಕು ಎನ್ನುವುದು ಈ ಮನೆಯ ಕಟ್ಟಳೆ. ಎಲೆಯ ಕಟ್ಟು ಎಡಗಡೆಯವರಿಗೆ ದಾಟುತ್ತ ಹೋಗುತ್ತದೆ, ಆಟವೂ ಬದಲಾಗುತ್ತ ಹೋಗುತ್ತದೆ. ಒಂದಕ್ಕೆ ಒಗ್ಗಿಕೊಂಡೆ ಎನ್ನುವಷ್ಟರಲ್ಲಿ ಇನ್ನೊಂದು. ಪಣಕ್ಕೆ ದುಡ್ಡಲ್ಲ, ಗುಂಡಿ. ಮಾವ ದರ್ಜಿಯಾಗಿದ್ದ ಕಾಲದ, ಅಂಗಡಿಯ ಡಬ್ಬಿಗಳಲ್ಲಿ ಉಳಿದ ಅಂಗಿಗುಂಡಿ, ಕೋಟಿನ ಗುಂಡಿ. ಗುಂಡಿ ಸೋತರೆ ಯಾರ ಗಂಟೂ ಹೋಗುವುದಿಲ್ಲ ಎಂದು ಗಂಡ ಸಮಾಧಾನ ಹೇಳುತ್ತಾನೆ. ಅವಳಿಗೆ ಹೋಗುವುದು ಬೇರೆಯೇ. ಅವಳು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸುವವಳು. ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ರೋಗಿಯನ್ನು ಕೂರಿಸಿ, ಹೆಡ್‌ಫೋನ್ ತೊಡಿಸಿ, ಸದ್ದು ಕೇಳಿಸಿದಾಗಲೆಲ್ಲ ಬಟನ್ ಒತ್ತಿ ಎಂದು ಹೇಳಿ, ಹೊರಗೆ ಕುಳಿತು ಸದ್ದನ್ನು ಸಣ್ಣಗೆ ಮಾಡುತ್ತ ಹೋಗುತ್ತಾಳೆ. ಕೇಳಿಸದಿದ್ದರೂ ಒತ್ತುವವರಿದ್ದಾರೆ. ವಯಸ್ಸಾದ ಗಂಡಸರೇ ಹೆಚ್ಚು. ಕಣ್ಣನ್ನು ಅವಳ ಮುಖದಲ್ಲಿ ನೆಟ್ಟು, ಅವಳ ರೆಪ್ಪೆ ಅಲುಗಿದರೆ ಸಾಕು, ಒತ್ತಿಬಿಡುತ್ತಾರೆ. ಅಂಥವರನ್ನು ಕಂಡು ಮನಸ್ಸಿನಲ್ಲೇ ನಗುತ್ತಿದ್ದವಳು ಈಗ ಈ ಮೇಜಿನ ಮುಂದೆ ಕೂತು, "ಅರ್ಥ ಆಯ್ತಲ್ಲಾ?" ಎಂದು ಯಾರು ಕೇಳಿದರೂ ತಲೆಬುಡ ತಿಳಿಯದೆ "ಹ್ಞೂಂ, ಆಯ್ತು" ಎಂದು ತಲೆಯಾಡಿಸುತ್ತಾಳೆ. ಮೂವತ್ತೆಂಟರ ಹೆಂಗಸು, ಒಂದು ಇಲಾಖೆಯನ್ನೇ ನೋಡಿಕೊಳ್ಳುವವಳು, ಜೋಡಿ ದೊಡ್ಡದೋ ಒಂದೇ ಜಾತಿಯ ಐದು ಎಲೆಯ ಫ್ಲಶ್ ದೊಡ್ಡದೋ ಎಂದು ಸ್ನಾನದ ಮನೆಯಲ್ಲಿ ಗೊಣಗಿಕೊಳ್ಳುವುದನ್ನು ಯಾರಾದರೂ ಕೇಳಿದ್ದರೆ ಅವಮಾನಕ್ಕೆ ಬೇರೇನೂ ಬೇಕಾಗಿರಲಿಲ್ಲ.

ಇವತ್ತು ಮಾತ್ರ ಎಲ್ಲರ ತಲೆಯಲ್ಲಿ ಇದ್ದದ್ದು ಆಟವಲ್ಲ. ಮುಂದಿನ ಶಾಲಾ ವರ್ಷದಿಂದ ಜೀರಿಗೆಯನ್ನು ತಮ್ಮೂರಿಗೆ ಕರೆದುಕೊಂಡು ಹೋಗಿ ಓದಿಸುತ್ತೇನೆಂದು ದೊಡ್ಡಮ್ಮ ಕೇಳಿದ್ದರು. ಜೀರಿಗೆ ಎನ್ನುವುದು ಮಾವ ಇಟ್ಟ ಹೆಸರು. ಹುಟ್ಟಿದಾಗ ಅಷ್ಟೇ ಇದ್ದಳಂತೆ, ಈಗ ಹನ್ನೆರಡು ತುಂಬಿ ಅಪ್ಪನ ಭುಜ ಮುಟ್ಟುತ್ತಾಳೆ. "ಆಟ ಮುಗೀಲಿ, ಆಮೇಲೆ ಅವಳನ್ನೇ ಕೇಳೋಣ. ಅವಳೇ ಹೇಳ್ಲಿ" ಎಂದಿದ್ದ ಗಂಡ. ಮಗಳಿಗೂ "ನಿನ್ನಿಷ್ಟ ಪುಟ್ಟಾ" ಎಂದಿದ್ದ. ಆದರೆ ಹಾಗೆ ಹೇಳುವಾಗ ಅವನ ಮುಖ ಹೇಗಿತ್ತೆಂದರೆ, ಹೋಗುತ್ತೇನೆ ಎನ್ನಲು ಯಾವ ಮಗುವಿಗೂ ಬಾಯಿ ಬರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಇದನ್ನು ನೋಡಿದ ಅವಳಿಗೆ ಅಯ್ಯೋ ಎನ್ನಿಸಿತ್ತು, ಮತ್ತು ಆ ಅಯ್ಯೋ ಮಗುವಿಗಾಗಿ ಅಲ್ಲ. ಹೋಗಲಿ ಎಂದು ಅವಳಿಗೆ ಆಸೆಯಿತ್ತು. ಬಾಯಿಬಿಟ್ಟು ಹೇಳುವಂಥದ್ದಲ್ಲ, ಹೇಳಿಕೊಂಡರೆ ತನ್ನ ಮುಖವನ್ನು ತಾನೇ ನೋಡುವಂತಿಲ್ಲ. ಹುಡುಗಿ ಕೆಟ್ಟವಳಲ್ಲ, ಎದುರುತ್ತರ ಕೊಟ್ಟವಳಲ್ಲ. ಅವಳನ್ನು ಏನೆಂದೂ ಕರೆಯದೆ, "ನೋಡಿ, ಹಾಲು ಉಕ್ತಾ ಇದೆ" ಎಂದೋ "ನಿಮ್ಮ ಫೋನು" ಎಂದೋ ಹೇಳಿ ಪಕ್ಕದಿಂದ ಸರಿದು ಹೋಗುತ್ತಾಳೆ. ಆ ಸರಿದು ಹೋಗುವುದೇ ಅವಳಿಗೆ ತಡೆಯಲಾಗದು. ಸ್ವಂತ ಮನೆಯಲ್ಲಿ ಒಂದು ದಿನವಾದರೂ ಕಾಲು ಚಾಚಿ ಕೂರಬೇಕು, ಯಾರ ನೋಟಕ್ಕೂ ಅಂಜದೆ ಗಂಡನನ್ನು ಗದರಿಸಬೇಕು. ಇಷ್ಟೇ, ಇದಕ್ಕಿಂತ ಹೆಚ್ಚೇನಿಲ್ಲ. ಇಷ್ಟಕ್ಕಾಗಿ ತಾಯಿಯಿಲ್ಲದ ಮಗು ಊರು ಬಿಡಲಿ ಎನ್ನುವ ಮನಸ್ಸೇ ನಿನ್ನದು, ಥೂ ಎಂದು ತನಗೆ ತಾನೇ ಹೇಳಿಕೊಂಡು ಲೋಟವನ್ನು ಕಪಾಟಿನಲ್ಲಿಟ್ಟಳು.

ನಿನ್ನೆ ಸಂಜೆ ಜೀರಿಗೆ ತಾನಾಗಿಯೇ ಬಂದು, "ಒಮಾಹಾ ಬರುತ್ತಾ ನಿಮಗೆ? ನಾಳೆ ನಾನು ಅದನ್ನೇ ಹಾಕೋದು" ಎಂದಿದ್ದಳು. ಬರುವುದಿಲ್ಲ ಎಂದಾಗ ಕೋಣೆಗೆ ಕರೆದು, ಮಂಚದ ಮೇಲೆ ಜಾಗ ಮಾಡಿ ಕೂರಿಸಿದಳು. ಆ ಮಂಚದ ಮೇಲೆ ಅವಳು ಕೂತಿದ್ದು ಅದೇ ಮೊದಲು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. "ಹೋಲ್ಡೆಮ್ ಥರಾನೇ. ಕೈಗೆ ಎರಡರ ಬದಲು ನಾಲ್ಕು ಬರುತ್ತೆ, ಅಷ್ಟೇ. ಎಲ್ಲದರಲ್ಲೂ ಇದೇ ಈಜಿ" ಎನ್ನುತ್ತ ಹುಡುಗಿ ಚಾದರದ ಮೇಲೆ ಎಲೆ ಹರಡಿದಳು. ತಾಯಿಯ ಬೆರಳುಗಳೂ ಹೀಗೇ ಉದ್ದವಿದ್ದವು ಎಂದು ಮಾವ ಯಾವಾಗಲೋ ಹೇಳಿದ್ದರು. ಅವಳು ಕೇಳಿಸಿಕೊಳ್ಳುತ್ತಲೇ ಇದ್ದಳು, ಆದರೆ ಕಣ್ಣು ಎದುರಿನ ಗೋಡೆಗೆ ಹೋಯಿತು. ಕಿಟಕಿಯ ಪಕ್ಕದ ಆ ಗೋಡೆ ಬೋಳಾಗಿತ್ತು, ಉದ್ದಕ್ಕೂ ಬೆಳಕು ಬೀಳುತ್ತಿತ್ತು. ಅಲ್ಲೊಂದು ಮೇಜು ಹಾಕಿದರೆ ಆಸ್ಪತ್ರೆಯ ಓದುಬರಹ ಮನೆಯಲ್ಲೇ ಮಾಡಬಹುದು. ಮಂಚ ಎತ್ತಿಸಿದರೆ ಒಂದು ಬೆತ್ತದ ಕುರ್ಚಿಗೂ ಜಾಗವಾದೀತು. "ಏನ್ ನೋಡ್ತಿದೀರಾ?" ಎಂದಳು ಜೀರಿಗೆ. "ಏನಿಲ್ಲ, ಹೇಳು." ಹುಡುಗಿ ಎಲೆಗಳನ್ನು ಗುಡ್ಡೆ ಮಾಡಿ, "ಹೇಳಿದ್ನಲ್ಲ, ಅಷ್ಟೇ. ಅರ್ಥ ಆಯ್ತಾ?" ಎಂದಳು. "ಆಯ್ತು." ಆಗ ಅವಳ ಕೈ ಮಂಚದ ಅಂಚನ್ನು ಗೇಣು ಹಾಕುತ್ತಿತ್ತು. ಅದನ್ನು ಹುಡುಗಿ ನೋಡಿದಳೇ ಇಲ್ಲವೇ ಎಂಬುದು ರಾತ್ರಿಯಿಡೀ ಹಲ್ಲಿನ ಸಂದಿಯ ನಾರಿನಂತೆ ಅವಳನ್ನು ಕಾಡಿತ್ತು.

"ಬಾಮ್ಮಾ, ಲೋಟ ಎಲ್ಲೂ ಓಡಿಹೋಗಲ್ಲ" ಎಂದು ಮಾವ ಕೂಗಿದರು. ಮೇಜಿನ ಸುತ್ತ ಮಾವ, ಅವರ ಎಡಕ್ಕೆ ಗಂಡ, ಆಮೇಲೆ ಜೀರಿಗೆ, ದೊಡ್ಡಮ್ಮ, ಕೊನೆಗೆ ಅವಳು. ಮಾವ ಡ್ರಾ ಹಾಕಿದರು. ಐದು ಎಲೆಯನ್ನು ಬೀಸಣಿಗೆಯಂತೆ ಹಿಡಿದಾಗ ಮುಖ ಮುಚ್ಚಿಕೊಳ್ಳಲು ಸಿಕ್ಕಿದಂತಾಗಿ ಅವಳಿಗೆ ಸುಖವೆನಿಸಿತು. ಎಲ್ಲವೂ ತನ್ನೊಳಗೇ, ಯಾರಿಗೂ ಏನೂ ಕಾಣದು. ಹೊಸಬರಿಗೆ ಇದು ಸುಲಭವೆಂದರೆ ಯಾಕಲ್ಲ. ಮೂರು ಎಲೆ ಬದಲಿಸಿ ಒಂದು ಜೋಡಿ ಮಾಡಿಕೊಂಡು ನಾಲ್ಕು ಅಂಗಿಗುಂಡಿ ಗೆದ್ದಳು. "ನೋಡಿದ್ರಾ, ನಾನು ಹೇಳಿದ್ದೇನು" ಎಂದು ಮಾವ ತಾವೇ ಗೆದ್ದವರಂತೆ ಎದೆ ಉಬ್ಬಿಸಿದರು. ಗಂಡ ಹೋಲ್ಡೆಮ್ ಹಾಕಿದ. ಇಲ್ಲಿ ನಡುವಿನ ಐದು ಎಲೆ ಎಲ್ಲರಿಗೂ ಒಂದೇ, ಆದರೂ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಥರ. ನಿಯಮ ಹೇಳಲು ಎರಡು ನಿಮಿಷ ಸಾಕು. ಎದುರಿನವರು ಅದೇ ಎಲೆಗಳಲ್ಲಿ ಏನು ಕಾಣುತ್ತಿದ್ದಾರೆಂದು ತಿಳಿಯಲು ಒಂದು ವರ್ಷ ಸಾಲದು. ದೊಡ್ಡಮ್ಮ ಗುಂಡಿ ಸರಿಸುತ್ತ ನಡುವೆ ಅವಳನ್ನೂ ಹುಡುಗಿಯನ್ನೂ ಒಟ್ಟಿಗೆ ನೋಡುತ್ತಿದ್ದರು. ಕಣ್ಣಲ್ಲಿ ಕಣ್ಣಿಟ್ಟು ಪರೀಕ್ಷೆ ಮಾಡುವ ನೋಟ, ಅವಳಿಗೆ ಗೊತ್ತಿದ್ದ ನೋಟ. ಅವಳು ಬೇಗನೆ ಎಲೆ ಮಗುಚಿದಳು.

ಕಟ್ಟು ಜೀರಿಗೆಯ ಕೈಗೆ ಬಂತು. "ಒಮಾಹಾ" ಎಂದಳು, ಯಾರನ್ನೂ ನೋಡದೆ. "ಅಯ್ಯೋ, ಅವಳಿಗೆ ಬರಲ್ಲ ಪುಟ್ಟಾ" ಎಂದ ಅಪ್ಪ. "ಕಲಿಸಿದೀನಿ." ಆ ಒಂದು ಮಾತಿಗೆ ಮೇಜಿನ ಸುತ್ತ ಗಾಳಿಯೇ ಹಗುರಾಯಿತು, ದೊಡ್ಡಮ್ಮ ಹುಬ್ಬೇರಿಸಿ ಮುಗುಳ್ನಕ್ಕರು. ನಾಲ್ಕು ಎಲೆ ಬಂದವು. ಅವುಗಳಲ್ಲಿ ಆಟೀನಿನ ಎಕ್ಕ ಒಂದು, ಗುಲಾಮರಿಬ್ಬರು, ಕೆಲಸಕ್ಕೆ ಬಾರದ ಇನ್ನೊಂದು. ನಡುವೆ ಎಲೆ ಬಿಚ್ಚಿಕೊಳ್ಳುತ್ತ ಹೋದಂತೆ ಆಟೀನು ಕೆಂಪಗೆ ಒಂದರ ಮೇಲೊಂದು ಬಂತು. ರಾಜ, ಒಂಬತ್ತು, ಆರು, ಎರಡು, ನಾಲ್ಕೂ ಆಟೀನು. ಜೊತೆಗೆ ಒಂದು ಕಳಾವರ್ ಒಂಬತ್ತು. ತನ್ನ ಎಕ್ಕ ಸೇರಿದರೆ ಐದು. ಫ್ಲಶ್, ಅದೂ ಎಕ್ಕದ್ದು. ಗಂಡ ಬಿಟ್ಟ, ಜೀರಿಗೆ ಬಿಟ್ಟಳು, ದೊಡ್ಡಮ್ಮ ಬಿಟ್ಟರು. ಇದ್ದಬದ್ದ ಗುಂಡಿಯನ್ನೆಲ್ಲ ಅವಳು ಎರಡೂ ಕೈಯಿಂದ ನಡುವಿಗೆ ದೂಡಿದಳು. ಮಾವ ಕನ್ನಡಕದ ಮೇಲಿಂದ ನೋಡಿ, "ಓಹೋ, ಸೊಸೆಗೆ ಧೈರ್ಯ ಬಂತು" ಎಂದು ತಾವೂ ಅಷ್ಟೇ ದೂಡಿದರು. "ಫ್ಲಶ್!" ಎಂದು ಅವಳು ಎಕ್ಕವನ್ನು ಮೇಜಿಗೆ ಬಡಿದಳು. ತನ್ನ ದನಿಯನ್ನು ಅಷ್ಟು ಗಟ್ಟಿಯಾಗಿ ಅವಳು ಈ ಮನೆಯಲ್ಲಿ ಹಿಂದೆಂದೂ ಕೇಳಿರಲಿಲ್ಲ.

ಮಾವ ಮೆಲ್ಲಗೆ, "ಇನ್ನೊಂದು ಆಟೀನು ಎಲ್ಲಮ್ಮಾ?" ಎಂದರು. "ಇನ್ನೊಂದು ಯಾಕೆ? ನಡುವೆ ನಾಲ್ಕಿದೆಯಲ್ಲ." ಗಂಡ ಗಲ್ಲದ ಮೇಲೆ ಕೈಯಿಟ್ಟುಕೊಂಡು ನಗು ತಡೆದ, ತಡೆದದ್ದು ನಗುವುದಕ್ಕಿಂತ ಕೆಟ್ಟದಾಗಿತ್ತು. "ಒಮಾಹಾದಲ್ಲಿ ಕೈಯಿಂದ ಎರಡೇ ಎರಡು ತಗೋಬೇಕು ಕಣೇ, ನಡುವಿನಿಂದ ಮೂರು. ಒಂದೂ ಅಲ್ಲ, ಮೂರೂ ಅಲ್ಲ. ಎರಡು. ಅದೇ ಅಲ್ವಾ ಆಟ! ನಿನ್ನ ಹತ್ರ ಇರೋದು ಬರೀ ಎರಡು ಜೋಡಿ." ಮಾವ ತಮ್ಮ ಕೈಯಿಂದ ಒಂದು ಒಂಬತ್ತನ್ನೂ ಇನ್ನೊಂದು ಎಲೆಯನ್ನೂ ಇಟ್ಟು ಮೂರು ಒಂಬತ್ತು ಮಾಡಿ, ಪಾಪ ಎನ್ನುವ ಮುಖದಿಂದ ಗುಂಡಿಗಳನ್ನು ಎಳೆದುಕೊಂಡರು. ಅವಳ ಕಿವಿ ಬಿಸಿಯಾಯಿತು. ನೆಲ ಬಾಯ್ಬಿಟ್ಟು ನುಂಗಬಾರದೇ ಎನ್ನಿಸಿತು. ಎಕ್ಕ ಇನ್ನೂ ಅವಳ ಬೆರಳ ಕೆಳಗೇ ಇತ್ತು. "ಜೀರಿಗೆ," ಎಂದರು ದೊಡ್ಡಮ್ಮ, ದನಿ ಬದಲಾಗಿತ್ತು, "ಇದನ್ನ ನೀನು ಹೇಳಿಕೊಡ್ಲಿಲ್ವಾ? ಹೊಸಬರು ಎಡವೋದೇ ಇಲ್ಲಿ. ನಿಮ್ಮಮ್ಮ ನಿನಗೆ ಮೊದಲು ಹೇಳಿಕೊಟ್ಟಿದ್ದೇ ಇದು." ಕಟ್ಟನ್ನು ಹಿಡಿದ ಹುಡುಗಿಯ ಬೆರಳ ತುದಿ ಬೆಳ್ಳಗಾಗಿತ್ತು. ಅವಳು ನೋಡಿದಳು: ಅದು ಹೆದರಿದ ಮುಖವಲ್ಲ, ಕಾಯುವ ಮುಖ. ಈಗ ಸಿಟ್ಟು ಮಾಡಲಿ, ಈಗ ಬೈಯಲಿ ಎಂದು ಕಾಯುತ್ತಿದ್ದ ಮುಖ. ಆದರೆ ಅದು ಏನಕ್ಕೆ ಕಾಯುತ್ತಿದೆ ಎಂದು ಆ ಹೊತ್ತಿಗೆ ಅವಳಿಗೆ ತಿಳಿಯಲಿಲ್ಲ. ಮಂಚದ ಅಂಚನ್ನು ಅಳೆದ ತನ್ನ ಕೈ ಮಾತ್ರ ನೆನಪಾಯಿತು.

"ಹೇಳಿಕೊಟ್ಟಿದ್ಳು ಅಕ್ಕಾ" ಎಂದಳು. "ಎರಡೆರಡು ಸಲ ಹೇಳಿದ್ಳು. ನನ್ನ ಗಮನ ಎಲ್ಲೋ ಇತ್ತು. ಊರವರ ಕಿವಿ ನೋಡೋಳು, ನನ್ನ ಕಿವೀನೇ ಸರಿಯಿಲ್ಲ." ಮಾವ ಗಹಗಹಿಸಿ ನಕ್ಕರು. ಗಂಡ ಮೇಜಿನ ಕೆಳಗೆ ಕಾಲು ಚಾಚಿ ಅವಳ ಪಾದವನ್ನು ಮೆತ್ತಗೆ ಒತ್ತಿದ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ನಿಜವೇ ಇರಬೇಕು ಎಂದು ಅವಳಿಗೂ ಒಮ್ಮೆ ಅನ್ನಿಸಿತು. ದೊಡ್ಡಮ್ಮ ಅವಳನ್ನು ಬಹಳ ಹೊತ್ತು ನೋಡಿದರು. ಇವರು ನಂಬಲಿಲ್ಲ ಎಂದು ಅವಳಿಗೆ ಗೊತ್ತಾಯಿತು. ನಂಬದೆಯೇ ಅವರ ಕಣ್ಣು ತುಂಬಿತು. ಕೈ ಚಾಚಿ ಅವಳ ಮುಂಗೈ ಹಿಡಿದು, "ಸಾಕಮ್ಮಾ" ಎಂದರು. "ನಾನು ಏನನ್ನ ನೋಡ್ಬೇಕು ಅಂತ ಬಂದಿದ್ನೋ ಅದನ್ನ ನೋಡಿದೆ. ಹೆತ್ತವಳೂ ಹೀಗೇ ಮುಚ್ಚಿಟ್ಕೊತಿದ್ಳು ಇವಳ ತಂಟೆಗಳನ್ನ. ಇನ್ನು ಮಗೂನ ಕೇಳೋದೇನು ಬಂತು? ಇಲ್ಲೇ ಇರ್ಲಿ. ನನ್ನ ಜೀವಕ್ಕೂ ನೆಮ್ಮದಿ." ಗಂಡ ಬಿಟ್ಟ ಉಸಿರು ಮೇಜಿನ ಆಚೆಗೂ ಕೇಳಿಸುವಂತಿತ್ತು. "ಎಲೆ ಕಲಸು, ಎಲೆ ಕಲಸು" ಎಂದು ಮಾವ ಮೂಗೊರೆಸಿಕೊಂಡರು. ಈ ಮನೆಯಲ್ಲಿ ಅವಳನ್ನು ಯಾರಾದರೂ ಹೊಗಳಿದ್ದು ಇದೇ ಮೊದಲು. ಅವಳಿಗೆ ಒಳಗೆಲ್ಲೋ ಬೆಚ್ಚಗಾಯಿತು, ನಾಚಿಕೆಯೂ ಆಯಿತು. ಜೀರಿಗೆ ಕಟ್ಟನ್ನು ದೊಡ್ಡಮ್ಮನ ಕಡೆ ಸರಿಸಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

"ತಂಗಿ ನೆನಪಿಗೆ ಒಂದು ಸ್ಟಡ್" ಎಂದರು ದೊಡ್ಡಮ್ಮ. ಪ್ರತಿಯೊಬ್ಬರಿಗೂ ಎರಡು ಮುಚ್ಚಿದ ಎಲೆ, ಒಂದು ತೆರೆದದ್ದು. ಜೀರಿಗೆಯ ಮುಂದೆ ರಾಣಿ ಬಿತ್ತು, ಒಳ್ಳೆಯ ಎಲೆ. ಹುಡುಗಿ ಮುಚ್ಚಿದ್ದನ್ನು ಎತ್ತಿಯೂ ನೋಡದೆ ಮೂರನ್ನೂ ಮಗುಚಿ ದೂರ ಸರಿಸಿದಳು. "ರಾಣಿ ಬಂದ್ರೂ ಬಿಡೋದಾ?" ಎಂದು ಮಾವ ಕಾಲೆಳೆದರು. ಆಟ ನಡೆಯುತ್ತಿತ್ತು. ಬಿಟ್ಟವರ ಎಲೆ ಯಾವುದಿತ್ತು ಎಂದು ನೆನಪಿಡಬೇಕು ಎಂದು ಅವಳು ತನಗೆ ಹೇಳಿಕೊಂಡಳು: ಜೀರಿಗೆಯದು ರಾಣಿ, ಗಂಡನದು ಏಳು. ಅಲ್ಲಿ ಏನಿತ್ತು, ಈಗ ಏನಿಲ್ಲ. ಇದ್ದಕ್ಕಿದ್ದಂತೆ ಅವಳಿಗೆ ಕಣ್ಣ ಮುಂದೆ ಬಂದದ್ದು ಆ ಗೋಡೆ. ಕಿಟಕಿಯ ಪಕ್ಕದ ಬೋಳು ಗೋಡೆಯಲ್ಲಿ ಸುತ್ತಲಿನದಕ್ಕಿಂತ ಬಿಳಿಯಾದ ಒಂದು ಚೌಕವಿತ್ತು, ಮೇಲೊಂದು ಮೊಳೆ. ಹುಡುಗಿಯ ತಾಯಿಯ ಪಟ ಅಲ್ಲಿರುತ್ತಿತ್ತು. ವರ್ಷವಿಡೀ ಬಾಗಿಲಿಂದಲೇ ನೋಡಿ, ಕಣ್ಣು ತಪ್ಪಿಸಿ ಹೋಗುತ್ತಿದ್ದ ಪಟ. ನಿನ್ನೆ ಅದು ಇರಲಿಲ್ಲ, ಮತ್ತು ತಾನು ಜಾಗ ಸಿಕ್ಕಿತೆಂದು ಮೇಜು ಹಾಕಲು ಹೊರಟಿದ್ದಳು. ಹುಡುಗಿ ಪಟವನ್ನು ತೆಗೆದು, ಸುತ್ತಿ, ಎಲ್ಲೋ ಚೀಲದೊಳಗೆ ಇಟ್ಟಾಗಿದೆ. ಹೋಗಲು ಸಿದ್ಧವಾಗಿದ್ದಾಳೆ. ಅಪ್ಪನ ಮುಖ ನೋಡಿ ಹೇಳಲಾರಳು. ಅದಕ್ಕೇ ಒಂದು ನಿಯಮವನ್ನು ನುಂಗಿಕೊಂಡಳು. ಎಲ್ಲರೆದುರು ಮಲತಾಯಿಗೆ ಅವಮಾನವಾಗಲಿ, ಇವಳು ರೇಗಲಿ, ಈ ಮನೆಯಲ್ಲಿ ತನಗೂ ಇವಳಿಗೂ ಆಗದು ಎಂದು ದೊಡ್ಡಮ್ಮ ಕಣ್ಣಾರೆ ಕಂಡು ಕೈಹಿಡಿದು ಕರೆದುಕೊಂಡು ಹೋಗಲಿ ಎಂದು. ಅದನ್ನೇ ತಾನು ಒಂದು ಒಳ್ಳೆಯ ಮಾತಿನಿಂದ ಹಾಳುಮಾಡಿದ್ದಳು. ಎದುರಿಗೆ ಕೂತ ಆ ಹುಡುಗಿಯೂ ತಾನೂ ಬಯಸಿದ್ದು ಒಂದನ್ನೇ, ಮೇಜಿನ ಸುತ್ತ ಬೇರೆ ಯಾರಿಗೂ ಅದು ತಿಳಿಯದು. ತನ್ನ ಎಲೆ ಯಾವುದೆಂದೇ ಅವಳಿಗೆ ಮರೆತುಹೋಗಿತ್ತು. ಯಾರೋ ಗೆದ್ದರು.

ಕಟ್ಟು ಅವಳ ಕೈಗೆ ಬಂತು. "ಯಾವ ಆಟ? ನಿನಗೆ ಸುಲಭವಾದ್ದೇ ಹಾಕಮ್ಮಾ" ಎಂದರು ಮಾವ. ಅವಳು ಕಲಸಿದಳು. ಎಲೆಗಳು ಜಾರಿ ಎರಡು ಮೇಜಿನ ಮೇಲೆ ಬಿದ್ದವು, ಎತ್ತಿಕೊಂಡಳು. ಸುಮ್ಮನೆ ಹಂಚಿದರೆ ಮುಗಿಯಿತು. ಹೊಗಳಿಕೆ ಹಾಗೇ ಉಳಿಯುತ್ತದೆ, ಗಂಡನ ಕಾಲು ಪಾದದ ಮೇಲೆ ಉಳಿಯುತ್ತದೆ. ಹುಡುಗಿಯೂ ಉಳಿಯುತ್ತಾಳೆ, ಪಕ್ಕದಿಂದ ಸರಿದು ಹೋಗುತ್ತ, ಹನ್ನೆರಡಕ್ಕೆ ಹದಿಮೂರು, ಹದಿನಾಲ್ಕು ತುಂಬುತ್ತ.

"ಅಕ್ಕಾ, ಜೀರಿಗೇನ ನೀವು ಕೇಳ್ಲೇ ಇಲ್ಲ" ಎಂದಳು.

"ಏನು ಕೇಳ್ಲಿಲ್ಲ?"

"ನಿಮ್ಮ ಜೊತೆ ಬರ್ತಾಳಾ ಅಂತ."

ಗಂಡ ಕಾಲು ಹಿಂದಕ್ಕೆಳೆದುಕೊಂಡ. "ಈಗ್ಯಾಕೆ ಆ ಮಾತು? ಅದು ಮುಗೀತಲ್ಲ."

"ಎಲ್ಲಿ ಮುಗೀತು? ಅವಳ ಬಾಯಿಂದ ಏನೂ ಬಂದಿಲ್ಲ. ಅವಳೇ ಹೇಳ್ಲಿ ಅಂದಿದ್ದು ನೀವೇ ತಾನೇ?"

ದೊಡ್ಡಮ್ಮನ ಮುಖದಲ್ಲಿ ಒಂದೊಂದೇ ಗೆರೆ ಬಿಗಿಯಾಗುತ್ತ ಹೋದದ್ದನ್ನು ಅವಳು ನೋಡಿದಳು. ಈಗಷ್ಟೇ ಹಿಡಿದಿದ್ದ ಮುಂಗೈಯನ್ನು ಅವರು ಮತ್ತೆ ಹಿಡಿಯುವುದಿಲ್ಲ. ಹುಡುಗಿಯನ್ನು ಕಳಿಸಿಬಿಡಲು ನೋಡುತ್ತಿದ್ದಾಳೆ ಎಂದು ಅವರು ತಿಳಿದುಕೊಂಡದ್ದು ಸುಳ್ಳೂ ಅಲ್ಲ. ಹುಡುಗಿಗಾಗಿ ಕೇಳುತ್ತಿದ್ದೇನೋ, ಆ ಬೆಳಕಿನ ಗೋಡೆಗಾಗಿ ಕೇಳುತ್ತಿದ್ದೇನೋ ಎಂದು ತನ್ನನ್ನು ತಾನೇ ಕೇಳಿಕೊಂಡರೆ ಅವಳಿಗೆ ಉತ್ತರ ಸಿಗಲಿಲ್ಲ.

"ಬರ್ತೀನಿ ದೊಡ್ಡಮ್ಮಾ" ಎಂದಳು ಜೀರಿಗೆ. ತೊಡೆಯ ಕೆಳಗಿನ ಕೈಗಳನ್ನು ತೆಗೆಯದೆ, ಮೇಜನ್ನೇ ನೋಡುತ್ತ, ಮತ್ತೊಮ್ಮೆ ಹೇಳಿದಳು: "ನಂಗೆ ನಿಮ್ಮ ಜೊತೆ ಬರ್ಬೇಕು."

ಮಾವ ಕನ್ನಡಕ ತೆಗೆದರು. ಗಂಡ ಕುರ್ಚಿಯನ್ನು ಎಳೆದುಕೊಂಡು ಮಗಳ ಹತ್ತಿರ ಬಾಗಿದ. "ಯಾಕೆ ಪುಟ್ಟಾ? ಇಲ್ಲಿ ಏನು ಕಮ್ಮಿಯಾಗಿದೆ? ಯಾರಾದ್ರೂ ಏನಾದ್ರೂ ಅಂದ್ರಾ? ಅಪ್ಪನ್ನ ಬಿಟ್ಟು ಇರ್ತೀಯಾ?" ಹುಡುಗಿಯ ಗಲ್ಲ ನಡುಗತೊಡಗಿತು. ಇನ್ನೊಂದು ಪ್ರಶ್ನೆ ಬಿದ್ದರೆ ಅಳುತ್ತಾಳೆ, ಅತ್ತರೆ ಇಲ್ಲ ಇಲ್ಲ ಹೋಗಲ್ಲ ಎನ್ನುತ್ತಾಳೆ, ಅಲ್ಲಿಗೆ ಎಲ್ಲ ಮುಗಿಯಿತು ಎಂದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಗಂಡ ತಲೆಯೆತ್ತಿ ಅವಳ ಕಡೆ ತಿರುಗಿದ. ಆ ಮುಖವನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ.

"ನಿನಗೆ ಇದೇ ಬೇಕಾಗಿತ್ತು, ಅಲ್ವಾ?"

ಇಲ್ಲ ಎಂದರೆ ಅವನು ಮತ್ತೆ ಮಗಳ ಕಡೆ ತಿರುಗುತ್ತಾನೆ.

"ಹೌದು" ಎಂದಳು ಅವಳು. "ನನಗೆ ಬೇಕಾಗಿತ್ತು."

ಆಮೇಲೆ ಯಾರೂ ಹುಡುಗಿಯನ್ನು ಏನೂ ಕೇಳಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಅವಳು ಎಲೆಯ ಕಟ್ಟನ್ನು ಹಿಡಿದುಕೊಂಡು ಕೂತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಜೀರಿಗೆಯೂ ತಲೆಯೆತ್ತಿ ಅವಳನ್ನು ನೋಡಿದಳು.